ಇಪ್ಪತ್ತೊಂದು ಮನೆಯ ಓಣಿ

ನಮ್ಮ ಓಣಿ ನೋಡಲು ಜನ ಬರುತ್ತಾರೆ. ಇಂಡಿಯಿಂದ ಬಂದಿದ್ದರು, ಸಿಂದಗಿಯಿಂದ ಬಂದಿದ್ದರು, ಹೋದ ತಿಂಗಳು ಬಸವನ ಬಾಗೇವಾಡಿಯಿಂದ ಒಂದು ಟೆಂಪೋ ತುಂಬ ಬಂದು ನಮ್ಮ ಬೇವಿನ ಗಿಡದ ಕೆಳಗೆ ಚುರುಮುರಿ ತಿಂದು, ಫೋಟೋ ಹೊಡೆದುಕೊಂಡು ಹೋದರು. ಮುದ್ದೇಬಿಹಾಳದಲ್ಲಿ ಇಂಥದ್ದೊಂದು ಇದೆಯೆಂದು ಅವರಿಗೆ ನಂಬಿಕೆಯೇ ಬರಲಿಲ್ಲವಂತೆ. ಒಂದಕ್ಕೊಂದು ಅಂಟಿಕೊಂಡು ನಿಂತ ಇಪ್ಪತ್ತೊಂದು ಮನೆ, ಪ್ರತಿಯೊಂದಕ್ಕೂ ಎರಡು ಮಹಡಿ. ನಡುವಿನ ದಾರಿ ಬೇಕೆಂದೇ ಇಕ್ಕಟ್ಟು, ಹೀಗಾಗಿ ಮೇ ತಿಂಗಳಲ್ಲೂ ಓಣಿಯಲ್ಲಿ ನೆರಳು. ಮಾಳಿಗೆಯ ಮೇಲೆ ಬಿದ್ದ ಮಳೆನೀರೆಲ್ಲ ಒಂದೇ ಟಾಕಿಗೆ. ಗಾಡಿಗಳು ಓಣಿಯ ಹೊರಗೆ. ನಟ್ಟನಡುವೆ ಕಟ್ಟೆ, ಸಂಜೆಯಾದರೆ ಕಟ್ಟೆಯ ತುಂಬ ಹೆಂಗಸರು. ಬಂದವರೆಲ್ಲ ‘ಎಷ್ಟ ಒಗ್ಗಟ್ಟ ಐತ್ರಿ ನಿಮ್ಮ ಓಣ್ಯಾಗ’ ಎನ್ನುತ್ತಾರೆ. ನಿಜ, ಒಗ್ಗಟ್ಟಿಗೇನೂ ಕೊರತೆಯಿಲ್ಲ. ಎಷ್ಟು ಒಗ್ಗಟ್ಟು ಎಂದು ನಾನು ಹೇಳುತ್ತೇನೆ ಕೇಳಿ.

ನಾನು ಭಾಗ್ಯಜ್ಯೋತಿ. ಸಿವಿಲ್ ಡಿಪ್ಲೊಮಾ ಮಾಡಿ, ಈ ಓಣಿಯ ನಕ್ಷೆ ಹಾಕಿದ ಧೀರೇಂದ್ರ ಸರ್ ಅವರ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಹುಟ್ಟಿ ಬೆಳೆದದ್ದೂ ಇದೇ ಓಣಿಯಲ್ಲಿ. ಅಪ್ಪ ಇಲ್ಲ, ಮನೆಯಲ್ಲಿ ಅವ್ವ ಚನ್ನವ್ವ ಮತ್ತು ನಾನು, ಇಬ್ಬರೇ. ನಕ್ಷೆ ಹಿಡಿದವಳೂ ನಾನೇ, ನಕ್ಷೆಯೊಳಗಿನವಳೂ ನಾನೇ. ಹಾಗಾಗಿ ‘ನನಗೇನು ಗೊತ್ತು’ ಎಂದು ಹೇಳಿ ಜಾರಿಕೊಳ್ಳಲು ಬರುವುದಿಲ್ಲ.

ಮೊದಲು ಇಲ್ಲಿ ಇಪ್ಪತ್ತೆರಡು ಮಣ್ಣಿನ ಮನೆಗಳಿದ್ದವು. ಅಕ್ಕಪಕ್ಕದ ಎರಡು ಮನೆಗೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಬಟ್ಟಲು ದಾಟುವಷ್ಟು ಕಿಂಡಿ. ಹೆಪ್ಪಿಗೆ ಮಜ್ಜಿಗೆ, ಕೂಸಿಗೆ ಹಾಲು, ಅತ್ತೆಯ ಮೇಲಿನ ಚಾಡಿ, ಎಲ್ಲ ಆ ಕಿಂಡಿಯಿಂದಲೇ ಓಡಾಡುತ್ತಿದ್ದವು. ರಸ್ತೆ ಅಗಲ ಮಾಡಿದಾಗ ಓಣಿಯ ಮುಂಭಾಗ ಹೋಯಿತು. ಉಳಿದ ಗೋಡೆಗಳು ಮಳೆಗೆ ಕುಸಿಯತೊಡಗಿದವು. ಆಗ ಓಣಿಯ ಹಿರಿಯರಾದ ರೇವಪ್ಪ ಕಾಕಾ ಮುಂದೆ ನಿಂತು ಸಂಘ ಕಟ್ಟಿದರು. ಎಲ್ಲರ ಜಾಗ ಒಂದುಗೂಡಿಸಿ ಹೊಸ ಓಣಿ ಕಟ್ಟುವುದೆಂದು ಠರಾವಾಯಿತು. ನಕ್ಷೆಗೆ ಧೀರೇಂದ್ರ ಸರ್ ಬಂದರು.

ಸರ್ ಇಂಡಿಯವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಓದಿದ್ದು ಪುಣೆಯಲ್ಲಿ. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಲು ಹೊರಟರೆ ನಿಮಗೆ ಯಾರೂ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮುರುಕಲು ಓಣಿಯಲ್ಲಿ ಅವರು ಮೂರು ದಿನ ಅಡ್ಡಾಡಿದರು. ಪ್ರತಿ ಕಿಂಡಿಯೊಳಗೂ ಕೈ ಹಾಕಿ ನೋಡಿದರು. ಆಮೇಲೆ ಸಭೆ ಕರೆದು, ಹೊಸ ಮನೆಗಳಲ್ಲೂ ಪ್ರತಿ ಗೋಡೆಗೆ ಕಿಂಡಿ ಇರುತ್ತದೆ ಎಂದು ಸಾರಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು.

ಆದರೆ ಜಾಗ ಸಣ್ಣದಾಗಿತ್ತು. ಎಷ್ಟು ಒತ್ತಿ ಕೂರಿಸಿದರೂ ಇಪ್ಪತ್ತೊಂದೇ ಮನೆ. ಇಪ್ಪತ್ತೆರಡನೆಯದಕ್ಕೆ ಬೈಪಾಸಿನ ಹತ್ತಿರ ಸಂಘ ಬೇರೊಂದು ಜಾಗ ಹಿಡಿದಿತ್ತು, ಮೂರು ಕಿಲೋಮೀಟರ್ ದೂರ. ಅಲ್ಲಿಗೆ ಹೋಗುವವರು ಯಾರು?

ರೇವಪ್ಪ ಕಾಕಾ ಅಂದರು, “ಗುಡಿಯಾಗ ಚೀಟಿ ಎತ್ತಿಬಿಡೂಣು. ದೇವರ ಮ್ಯಾಲ ಹಾಕಿದ್ರ ಯಾರಿಗೆ ಯಾರೂ ಕೆಟ್ಟಾಗೂದಿಲ್ಲ.”

ನಮ್ಮ ಕಡೆ ಹಿಂದಿನಿಂದ ನಡೆದು ಬಂದದ್ದು ಅದೇ. ಹೊಲ ಪಾಲಾಗುವಾಗ, ಜಾತ್ರೆಯ ಅಂಗಡಿ ಜಾಗ ಹಂಚುವಾಗ, ಚೀಟಿ ಎತ್ತಿ ಸುಮ್ಮನಾಗುತ್ತೇವೆ. ಸರ್ ಒಪ್ಪಲಿಲ್ಲ.

“ಕಾಕಾ, ಗೋಡೆ ಹಂಚಿಕೊಂಡು ಬಾಳೂದು ಅಂದ್ರ ಲಾಟರಿ ಅಲ್ರಿ. ಯಾರ ಜೋಡಿ ಯಾರು ಹೊಂದ್ತಾರ ಅನ್ನೂದು ನಿಮಗ ಗೊತ್ತಿರ್ತದ, ದೇವರಿಗಲ್ಲ. ಪ್ರತಿ ಮನಿಯವರು ತಮ್ಮ ಎಡಗೋಡಿಗೆ ಒಬ್ಬರ ಹೆಸರು, ಬಲಗೋಡಿಗೆ ಒಬ್ಬರ ಹೆಸರು ಬರದು ಡಬ್ಬಿಯೊಳಗ ಹಾಕ್ರಿ. ಅದನ್ನ ನೋಡಿ ನಾ ಮನಿ ಕೂಡಸ್ತೇನಿ. ಯಾರಿಗೆ ಎಲ್ಲಾರಕಿಂತ ಕಡಿಮಿ ಹೆಸರು ಬರ್ತಾವೋ ಅವರು ಬೈಪಾಸಿಗೆ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ಸಿದ್ದಾರೂಢನ ಮುಖ ನೋಡಿದರು. ಸಿದ್ದಾರೂಢ ನಮ್ಮ ಓಣಿಯ ಜಗಳಗಂಟ. ಕಾಲು ಕೆರೆದು ಜಗಳ ತೆಗೆಯುತ್ತಾನೆ, ಬಚ್ಚಲ ನೀರಿನಿಂದ ಹಿಡಿದು ಬೆಕ್ಕಿನ ತನಕ ಅವನಿಗೆ ಎಲ್ಲವೂ ತಕರಾರು. ಪೀಡೆ ತೊಲಗಿತು ಎಂದುಕೊಂಡು ಸಭೆ ಕೈ ಎತ್ತಿತು. ನಾನೂ ಎತ್ತಿದೆ.

ಇನ್ನು ಲಕ್ಕವ್ವ ಆಯಿಯ ಬಗ್ಗೆ ಹೇಳಬೇಕು. ಎಪ್ಪತ್ತು ದಾಟಿದ ಮುದುಕಿ, ಗಂಡ ಸತ್ತು ನಲವತ್ತು ವರ್ಷ, ಮಕ್ಕಳಿಲ್ಲ. ಓಣಿಯ ತುದಿಯಲ್ಲಿ ಅವಳದೊಂದು ಒಂಟಿ ಖೋಲಿ ಇತ್ತು, ಒಂದೇ ಕೋಣೆಯ ಮನೆ, ಯಾರ ಗೋಡೆಗೂ ತಾಗದೆ. ಈ ಓಣಿಯಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಅವಳೇ. ಸತ್ತವರಿಗೆ ಕಡೆಯ ಸ್ನಾನ ಮಾಡಿಸುವವಳೂ ಅವಳೇ. ರಂಜಾನ್ ಉಪವಾಸದಲ್ಲಿ ನಮ್ಮ ಓಣಿಯ ಸಗೀರಾ ತಲೆಸುತ್ತಿ ಬಿದ್ದಾಗ ಅವಳ ಮೂವರು ಮಕ್ಕಳಿಗೆ ಎಂಟು ದಿನ ರೊಟ್ಟಿ ಬಡಿದು ಹಾಕಿದಳು. ನನ್ನ ಅಪ್ಪ ತೀರಿಕೊಂಡಾಗ ಅವ್ವನನ್ನು ತಿಂಗಳುಗಟ್ಟಲೆ ಒಬ್ಬಳನ್ನೇ ಮಲಗಲು ಬಿಡಲಿಲ್ಲ. ಕೂಲಿ ಅಂತ ಯಾರ ಹತ್ತಿರವೂ ಕೇಳಿದವಳಲ್ಲ. ‘ಲಕ್ಕವ್ವ ಅಂದ್ರ ನಮ್ಮ ಓಣಿ ತಾಯಿ’ ಎಂದು ಎಲ್ಲರೂ ಹೇಳುತ್ತಿದ್ದೆವು. ಹೇಳಲು ಖರ್ಚೇನು?

ಚೀಟಿ ಬರೆಯುವ ದಿನ ಅವ್ವ ಒಲೆಯ ಮುಂದೆ ಕುಳಿತಿದ್ದಳು. ಯಾರ ಹೆಸರು ಬರೆಯಲಿ ಎಂದು ಕೇಳಿದೆ.

“ಒಂದ ಕಡೆ ರೇವಪ್ಪನ ಮನಿ ಬರಿ. ನಮ್ಮದು ಇಬ್ಬರ ಹೆಣ್ಮಕ್ಕಳ ಇರೂ ಮನಿ, ಬಾಜೂಕ ಗಂಡಸರ ದನಿ ಇದ್ರ ಚೊಲೋ. ಇನ್ನೊಂದ ಕಡೆ ಸಗೀರಾ.”

“ಲಕ್ಕವ್ವಾಯಿ?”

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. “ಆಕೀನ ಎಲ್ಲಾರೂ ಬರದ ಬರೀತಾರ. ನಮ್ಮದೊಂದ ಹೋದ್ರ ಏನಾತು? ಮತ್ತ ಅದು ಹಾಲು ಮೊಸರು ಓಡಾಡೂ ಕಿಂಡಿ. ನಿನ್ನಿ ಹೆಣಾ ತೊಳದ ಕೈ ಇವತ್ತ ಅದರಾಗ ಬಂದ್ರ ಹೆಂಗ?”

“ನನ್ನ ಎರದದ್ದೂ ಅದ ಕೈ ಅಲ್ಲೇನಬೇ.”

“ಅದು ಬ್ಯಾರೆ.”

ಬೇರೆ ಹೇಗೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ರೇವಪ್ಪ, ಸಗೀರಾ ಎಂದು ಬರೆದು ಮಡಚಿದೆ. ಅಕ್ಷರ ನನ್ನದು.

ಲಕ್ಕವ್ವಾಯಿಗೆ ಓದು ಬರಹ ಬರುವುದಿಲ್ಲ. ಅವಳ ಚೀಟಿ ಬರೆಯಲು ನಾನೇ ಹೋದೆ. ಎರಡೇ ಹೆಸರು ಹೇಳು ಎಂದರೆ ಅವಳು ಬೆರಳು ಮಡಚುತ್ತ ಇಪ್ಪತ್ತೊಂದು ಮನೆಯನ್ನೂ ಹೇಳಿದಳು. ಅಷ್ಟು ನಡೆಯುವುದಿಲ್ಲ ಎಂದೆ. “ಇಬ್ಬರನ್ನ ಬರಸಿದ್ರ ಉಳದವರಿಗೆ ಕೆಟ್ಟ ಅನಸ್ತದ ಮಗಳ. ಖಾಲೀನ ಹಾಕಿಬಿಡು,” ಎಂದಳು. ಖಾಲಿ ಚೀಟಿ ಡಬ್ಬಿಗೆ ಹಾಕಿದೆ.

ಎಣಿಸಿದ್ದು ಆಫೀಸಿನಲ್ಲಿ, ಸರ್ ಮತ್ತು ನಾನು ಇಬ್ಬರೇ. ರೇವಪ್ಪ ಕಾಕಾನಿಗೆ ಏಳು ಬಂತು. ಸಗೀರಾಳ ಗಂಡ ಮಲಿಕಸಾಬನದು ಕರೆಂಟಿನ ಕೆಲಸ, ಕರೆದಾಗ ಬರುತ್ತಾನೆ. ಅವನ ಮನೆಗೆ ಆರು. ಸಿದ್ದಾರೂಢನಿಗೆ ನಾಲ್ಕು ಬಂದದ್ದು ನೋಡಿ ಸರ್ ನಕ್ಕರು. ನನಗೆ ಆಶ್ಚರ್ಯವಾಗಲಿಲ್ಲ. ಅಂಥವನನ್ನು ದೂರ ಹಾಕಿದರೆ ದೂರದಿಂದಲೇ ಬಂದು ಕಾಡುತ್ತಾನೆ, ಅದಕ್ಕಿಂತ ಕಣ್ಣೆದುರಿಗೇ ಇರಲಿ ಎಂದು ಹೆದರಿ ಬರೆದವರು ಅವರು. ಕಡೆಗೆ ಲಕ್ಕವ್ವಾಯಿಯ ಸಾಲು ಉಳಿಯಿತು. ಅದರ ಮುಂದೆ ಒಂದು ಗೆರೆಯೂ ಬಿದ್ದಿರಲಿಲ್ಲ. ಸರ್ ಡಬ್ಬಿ ಬೋರಲು ಹಾಕಿ ಬಡಿದರು. ಮತ್ತೆ ಎಲ್ಲ ಚೀಟಿ ಬಿಚ್ಚಿ ಓದಿದರು. ನನ್ನ ಅಕ್ಷರದ ಚೀಟಿ ಅವರ ಕೈಗೆ ಬಂದಾಗ ನಾನು ಫ್ಯಾನಿನ ಕಡೆ ನೋಡಿದೆ.

“ಒಬ್ಬರೂ ಬರದಿಲ್ಲಲ್ಲ ಜ್ಯೋತಿ,” ಎಂದರು.

“ಎಲ್ಲಾರೂ, ಬ್ಯಾರೆಯವರು ಬರೀತಾರ ಅಂದ್ಕೊಂಡಾರ್ರಿ ಸರ್. ನಿಯಮ ಬಿಟ್ಟುಬಿಡ್ರಿ. ಸಿದ್ದಾರೂಢನ್ನ ಕಳಸ್ರಿ.”

“ನಾಲ್ಕ ಹೆಸರು ಬಂದವನ್ನ ಕಳಿಸಿ ಒಂದೂ ಬರದವರನ್ನ ಇಟ್ಕೊಂಡ್ರ ಅಂವಾ ಸುಮ್ಮ ಇರ್ತಾನ? ಚೀಟಿ ಎಲ್ಲಾ ತಗದು ತೋರಸ್ರಿ ಅಂತಾನ. ಯಾರು ಯಾರನ್ನ ಬರದಿಲ್ಲ ಅಂತ ಓಣಿಗೆಲ್ಲಾ ತಿಳೀತದ. ಕಟ್ಟೂಕಿಂತ ಮೊದಲ ಓಣಿ ಒಡೀತದ.” ಸರ್ ಚೀಟಿಗಳನ್ನು ಮತ್ತೆ ಡಬ್ಬಿಗೆ ತುಂಬಿದರು. “ಆಯಿ ತಾವ ಆಗಿ ಒಲ್ಲೆ ಅಂದ್ರ ಬ್ಯಾರೆ ಮಾತು. ನೀವು ಅವರ ಮಗಳಿದ್ದಂಗ. ಒಂದ ಮಾತು ಕೇಳಿ ನೋಡ್ರಿ.”

ಒಪ್ಪಿಗೆ ಪತ್ರ ಟೈಪ್ ಮಾಡಿದವಳೂ ನಾನೇ.

ಮರುದಿನ ಬೆಳಿಗ್ಗೆ ಹೋದೆ. ಆಯಿ ಖೋಲಿಯ ಮುಂದೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನನ್ನ ಕೈಯ ಕಾಗದ ನೋಡಿ ಮೊರ ಬದಿಗಿಟ್ಟಳು. ಅವಳ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ಈಗಲೂ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

“ಎಣಸಿದ್ರಂತಲ್ಲ. ನನ್ನ ಯಾರ್ಯಾರು ಬರದಾರ ಓದಿ ಹೇಳ ತಂಗಿ.”

ಯಾರೂ ಬರೆದಿಲ್ಲ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. “ರೇವಪ್ಪ ಕಾಕಾ ಬರದಾರ,” ಎಂದೆ.

“ರೇವಪ್ಪನ?” ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮತ್ತ?”

“ಸಗೀರಾ.”

“ಅಯ್ಯ ನನ್ನವ್ವ. ಮತ್ತ?”

ಮೊದಲ ಹೆಸರು ಮರುಕದಿಂದ ಹೇಳಿದೆ. ಎರಡನೆಯದೂ ಹಾಗೆಯೇ ಇರಬಹುದು. ಮೂರನೆಯ ಹೆಸರಿನ ಹೊತ್ತಿಗೆ ಈ ಸುಳ್ಳು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಕಂಡಿತು, ಕಂಡ ಮೇಲೂ ನಿಲ್ಲಿಸಲಿಲ್ಲ. ಉಳಿದವರನ್ನೆಲ್ಲ ಕೆಲಸ ಮುಗಿಯಲಿ ಎಂದೇ ಹೇಳಿದೆ. ಸಾಲಾಗಿ ಇಪ್ಪತ್ತೊಂದು ಮನೆ ಹೇಳಿದೆ. ಸಿದ್ದಾರೂಢನನ್ನೂ ಬಿಡಲಿಲ್ಲ. ಕಡೆಗೆ, “ನಾನೂ ಅವ್ವನೂ ಬರದೇವಿ,” ಎಂದೆ.

ಆಯಿ ಅತ್ತಳು. ಗಂಡ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ಎಂದು ತಾನೇ ಹೇಳಿದಳು.

“ಆದ್ರ ಆಯಿ, ಒಂದ ತ್ರಾಸ ಆಗೇತಿ. ಒಂದ ಮನಿಗೆ ಎರಡ ಗೋಡಿ. ಇಪ್ಪತ್ತೊಂದು ಮಂದಿ ನೀ ಬೇಕು ಅಂದ್ರ, ಇಬ್ಬರಿಗೆ ಕೊಟ್ಟು ಹತ್ತೊಂಬತ್ತು ಮಂದಿಗೆ ಹೆಂಗ ಇಲ್ಲ ಅನ್ನೂದು? ಈಗ ಮಾತಿಗೆ ಮಾತು ಬೆಳ್ಯಾಕತ್ತಾವ.”

ಅವಳಿಗೆ ತಿಳಿಯಲು ಅಷ್ಟು ಸಾಕಾಯಿತು. ಕಣ್ಣೊರೆಸಿಕೊಂಡು ಜೋಳದ ಮೊರ ನೋಡುತ್ತ ಕುಳಿತಳು. ಬೈಪಾಸಿನ ಹೆಸರು ನಾನು ಎತ್ತಲಿಲ್ಲ. ಅದನ್ನು ಅವಳೇ ಎತ್ತಲಿ ಎಂದು ಕಾದೆ. ಎತ್ತಿದಳು.

“ನನ್ನ ಸಲುವಾಗಿ ಓಣ್ಯಾಗ ಜಗಳ ಹತ್ತೂದು ಬ್ಯಾಡ. ಬೈಪಾಸಿನ ಜಾಗಾ ನನಗಿರ್ಲಿ. ಇಷ್ಟು ಮಂದಿ ಬೇಕು ಅಂದ್ರಲ್ಲ, ಅಷ್ಟ ಸಾಕು. ಎಲ್ಲಿ ಒತ್ತಲಿ?”

ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿದೆ. ಸರ್ ಫೈಲಿನಲ್ಲಿ ‘ಸ್ವಇಚ್ಛೆಯಿಂದ’ ಎಂದು ಬರೆದರು. ಹೇಗೆ ಒಪ್ಪಿದರು ಎಂದು ಅವರು ಕೇಳಲಿಲ್ಲ. ಓಣಿಯವರೂ ಕೇಳಲಿಲ್ಲ. ‘ಲಕ್ಕವ್ವ ತಾನ ಹೋಗ್ತೇನಿ ಅಂದ್ಳಂತ’ ಎಂಬ ಸುದ್ದಿ ಬಂದಾಗ ಇಪ್ಪತ್ತೊಂದು ಮನೆಯೂ ಉಸಿರು ಬಿಟ್ಟಿತು. ‘ದೊಡ್ಡ ಮನಸು ಬಿಡ್ರಿ’ ಎಂದು ಹೊಗಳಿದ್ದೂ ಆಯಿತು.

ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಓಣಿಯವರು ಊರ ತುಂಬ ಬಾಡಿಗೆ ಮನೆಗಳಲ್ಲಿ ಚದುರಿದ್ದೆವು. ಆಯಿಯದು ಎಲ್ಲರಿಗಿಂತ ಮೊದಲು ಮುಗಿಯಿತು: ಪೆಟ್ರೋಲ್ ಬಂಕಿಗೂ ಹಾಸುಗಲ್ಲು ಕೊಯ್ಯುವ ಶೆಡ್ಡಿಗೂ ನಡುವೆ ಒಂದು ಖೋಲಿ, ತಗಡಿನ ಮಾಳಿಗೆ. ದಿನವಿಡೀ ಕಲ್ಲಿನ ಧೂಳು. ಮಾತಾಡಿಸಲು ಒಂದು ನರಪಿಳ್ಳೆ ಇಲ್ಲ. ಕೂಸು ಹುಟ್ಟಿದರೆ, ಯಾರಾದರೂ ಸತ್ತರೆ ನಾವು ಅಲ್ಲಿಗೆ ಆಟೋ ಕಳಿಸುತ್ತಿದ್ದೆವು. ಅವಳು ಬಂದು, ಎರೆದು, ಅದೇ ಆಟೋದಲ್ಲಿ ಹೋಗುತ್ತಿದ್ದಳು. ಆಗೆಲ್ಲ ಅವಳ ಮುಖ ನೋಡಿ ಮಾತಾಡಲು ಯಾರಿಗೂ ಧೈರ್ಯ ಸಾಲುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ. ಒಬ್ಬರು ಚಹಾದ ಕಪ್ಪು ಕೈಗಿಟ್ಟು ಒಳಗೆ ಹೋಗುತ್ತಿದ್ದರು, ಇನ್ನೊಬ್ಬರಿಗೆ ಫೋನು ಬಂದುಬಿಡುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಹೊಸ ಓಣಿಗೆ ಬಂದೆವು. ಬಂದ ಮೇಲಿನ ಮೊದಲ ದಸರಾ. ಬನ್ನಿ ಮುರಿಯುವ ಸಂಜೆ ನಮ್ಮಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗುತ್ತಾರೆ. ಬನ್ನಿ ಎಲೆ ಕೈಗಿಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದರೆ ಆ ವರ್ಷದ ಸಿಟ್ಟು ಸೆಡವು ಅಲ್ಲಿಗೆ ಮುಗಿಯಬೇಕು. ಹಿರಿಯರ ಮನೆಗೆ ಕಿರಿಯರು ಹೋಗಿ ಕಾಲಿಗೆ ಬೀಳುವುದು ಪದ್ಧತಿ. ಲಕ್ಕವ್ವಾಯಿಯ ಹತ್ತಿರ ನಾವು ಯಾರೂ ಹೋಗಲಿಲ್ಲ. ಅವಳೇ ಬಂದಳು.

ಒಂದು ಚೀಲ ಬನ್ನಿ ಹಿಡಿದುಕೊಂಡು ಓಣಿಯ ಬಾಯಲ್ಲಿ ನಿಂತಿದ್ದಳು. ಒಗೆದ ಇಳಕಲ್ ಸೀರೆ ಉಟ್ಟಿದ್ದಳು. ಎಲ್ಲ ಬಾಗಿಲೂ ಒಂದೇ ತರಹ ಇರುವುದರಿಂದ ಯಾವ ಮನೆ ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ನನ್ನನ್ನು ಕಂಡು ಕೈ ಹಿಡಿದುಕೊಂಡಳು.

“ಬಾ, ಜ್ಯೋತಿ. ಎಲ್ಲಾ ಮನಿ ತೋರಸು. ಇವರೆಲ್ಲಾ ನನ್ನ ಮ್ಯಾಲ ಸಿಟ್ಟಾಗ್ಯಾರ. ನಾ ಎರ್‍ಯಾಕ ಬಂದಾಗ ಒಬ್ಬರೂ ಮಾರಿ ನೋಡಿ ಮಾತಾಡವಲ್ರು. ಆಗೂದ ಮತ್ತ. ಇಷ್ಟು ಮಂದಿ ಪ್ರೀತಿಲೆ ಕರದ್ರು, ನಾ ಒಲ್ಲೆ ಅಂದೆ. ತಪ್ಪು ನಂದ. ಇವತ್ತ ಎಲ್ಲಾರ ಕಡೆ ತಪ್ಪಾತು ಅಂತೇನಿ.”

ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಕಟ್ಟೆಯ ಮೇಲಿನ ಹೆಂಗಸರು ನೋಡುತ್ತಿದ್ದರು. ಬಾಯಿ ಮುಚ್ಚಿ ಅವಳ ಚೀಲ ಇಸಿದುಕೊಂಡೆ.

ಮೊದಲ ಬಾಗಿಲು ರೇವಪ್ಪ ಕಾಕಾನದು. ಆಯಿ ಹೊಸ್ತಿಲಲ್ಲಿ ನಿಂತು ಅವರ ಕೈಗೆ ಬನ್ನಿ ಇಟ್ಟಳು. “ರೇವಪ್ಪ, ನಿನ್ನ ಗೋಡಿಗೆ ನಾ ಬೇಕು ಅಂತ ಬರದಿದ್ದಿ. ನಾ ಬರಲಿಲ್ಲ. ಹೊಟ್ಟ್ಯಾಗ ಇಟ್ಕೋಬ್ಯಾಡಪ್ಪ.”

ಕಾಕಾ ನನ್ನ ಕಡೆ ನೋಡಿದರು. ನಾನು ಅವರನ್ನೇ ನೋಡಿದೆ. ಅವರಿಗೆ ಎಲ್ಲ ಅರ್ಥವಾಯಿತು. ಅರವತ್ತು ದಾಟಿದ ದೈವಸ್ಥ, ಓಣಿಯ ನ್ಯಾಯ ಹೇಳುವ ಮನುಷ್ಯ. ಒಂದು ಕ್ಷಣ ಅವರ ತುಟಿ ಅಲುಗಿತು. ನಿಜ ಬರುತ್ತದೆ ಎಂದು ಹೆದರಿದೆ. ಬರಲಿ ಎಂದೂ ಅನ್ನಿಸಿತು.

“ಇರ್ಲಿ ಬಿಡು ಲಕ್ಕವ್ವ,” ಎಂದರು. “ನಾವೇನೂ ಮನಸಿನ್ಯಾಗ ಇಟ್ಕೊಂಡಿಲ್ಲ.”

ಎರಡನೆಯ ಮನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಐದನೆಯ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಗೋಡೆಯಿಂದ ಗೋಡೆಗೆ ದಾಟಿ ಮುಂದೆ ಹೋಗಿತ್ತು. ಜನ ತಯಾರಾಗಿ ಬಾಗಿಲಲ್ಲೇ ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ನಾನು ಅವರೆಲ್ಲರಿಗೂ ಉಪಕಾರ ಮಾಡಿದ್ದೆ.

ಸಿದ್ದಾರೂಢನಿಗೆ ಬರೀ ಕ್ಷಮಿಸಿ ಬಿಡಲು ಮನಸ್ಸಾಗಲಿಲ್ಲ. “ಅಲ್ಲ ಆಯಿ, ನೀ ಹಂಗ ಮಾಡಬಾರದಿತ್ತು ನೋಡು. ನಾವು ಎಷ್ಟ ಆಸೆಲೆ ಬರದಿದ್ವಿ. ದೊಡ್ಡವರಾಗಿ ನಮ್ಮ ಮಾತ ಮುರದಿ,” ಎಂದು ಗದರಿದ. ಆಯಿ ತಲೆ ತಗ್ಗಿಸಿ, “ಖರೆ ಐತಪ್ಪ, ಖರೆ ಐತಿ,” ಎನ್ನುತ್ತ ನಿಂತಳು. ಅವನ ಹೆಂಡತಿ ಹಿಂದೆ ನಿಂತು ಕೇಳುತ್ತಿದ್ದಳು. “ಆತು, ಈ ಸಲ ಬಿಟ್ಟೇನಿ,” ಎಂದ.

ಸಗೀರಾಳ ಬಾಗಿಲಲ್ಲಿ ಮಾತ್ರ ತಡವಾಯಿತು. ಬನ್ನಿ ಕೈಯಲ್ಲಿ ಹಿಡಿದವಳೇ ಸಗೀರಾ ಅಳತೊಡಗಿದಳು. “ಆಯಿ, ನಿನಗ ಯಾರು ಹೇಳಿದ್ರು ನಾವು ಬರದೇವಿ ಅಂತ? ನಾವು—”

“ಸಗೀರಾ,” ಎಂದ ಮಲಿಕಸಾಬ ಒಳಗಿನಿಂದ. ದನಿ ಮೆತ್ತಗೇ ಇತ್ತು. “ಹಬ್ಬದ ದಿನ ಮುದುಕಿ ಜೀವಾ ಯಾಕ ನೋಯಸ್ತಿ.”

ಸಗೀರಾ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ, “ಮಾಫ್ ಮಾಡೇವಿ ಆಯಿ,” ಎಂದಳು. ಆಯಿ ಅವಳ ಕೆನ್ನೆ ಸವರಿ, “ಇಷ್ಟ ಹಚ್ಕೋತಾರೇನ ಹುಚ್ಚಿ,” ಎಂದು ಸಮಾಧಾನ ಮಾಡಿದಳು.

ಕಡೆಯದು ನಮ್ಮ ಮನೆ. ಅವ್ವ ಬಾಗಿಲಿಗೆ ಬರಲಿಲ್ಲ, ತಲೆನೋವು ಎಂದು ಒಳಗೇ ಮಲಗಿದ್ದಳು. ಆಯಿ ಚೀಲದ ತಳ ಕೆದರಿ ಉಳಿದ ಎಲೆಗಳನ್ನು ನನ್ನ ಕೈಯಲ್ಲಿಟ್ಟಳು. ಎರಡೂ ಕೈಯಿಂದ ನನ್ನ ಕೈ ಮುಚ್ಚಿ ಹಿಡಿದಳು. ಹುಟ್ಟಿದ ದಿನ ನನ್ನನ್ನು ಎತ್ತಿಕೊಂಡ ಕೈಗಳು ಅವು. ಕಲ್ಲಿನ ಧೂಳಿಗೆ ಒಡೆದು ಒರಟಾಗಿದ್ದವು.

“ನಿನಗ ಎಲ್ಲಾರಕಿಂತ ಹೆಚ್ಚ ನೋವು ಮಾಡೇನಿ ಮಗಳ. ನೀ ಅಂತೂ ನಿನ್ನ ಕೈಲೆ ಬರದಿದ್ದಿ. ತಪ್ಪಾತು.”

ಅಲ್ಲಿ ನಾವಿಬ್ಬರೇ ಇದ್ದೆವು. ಕಟ್ಟೆಯಿಂದ ಯಾರಿಗೂ ಕೇಳಿಸುತ್ತಿರಲಿಲ್ಲ. ಸರ್ ಇರಲಿಲ್ಲ, ಫೈಲು ಇರಲಿಲ್ಲ, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

“ಇರ್ಲಿ ಬಿಡ ಆಯಿ,” ಎಂದೆ. “ನಾವೂ ಮರತೇವಿ.”

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಆಟೋ ನಿಂತಲ್ಲಿಗೆ ಕೈ ಹಿಡಿದು ಕರೆದುಕೊಂಡು ಹೋದೆ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಹಿಂದಿರುಗಿ ಓಣಿಯನ್ನೊಮ್ಮೆ ಕಣ್ತುಂಬ ನೋಡಿದಳು.

“ಹಗರಾತು ನೋಡು ಜೀವಾ,” ಎಂದಳು. “ಎಷ್ಟ ಚೊಲೋ ಮಂದಿ. ಇಪ್ಪತ್ತೊಂದು ಮನ್ಯಾಗ ಒಬ್ಬರೂ ಇಲ್ಲ ಅನಲಿಲ್ಲ.”